ಬಿಸಿಲು ಬೆನ್ನಿಗೆ ಬರುವವರೆಗೆ

ಕುರ್ಚಿಯನ್ನು ಒಮ್ಮೆ ಹಿಡಿದು ಅಲುಗಾಡಿಸದೆ ಆಲ್ಬನ್ ಕ್ವಾಶಿ ಎಂದೂ ಕುಳಿತವನಲ್ಲ. ಚರ್ಚಿನ ಬೆಂಚಾಗಲಿ, ತನ್ನದೇ ಅಡುಗೆಮನೆಯ ಸ್ಟೂಲಾಗಲಿ, ಅವನ ಅಂಗೈಯ ಪರೀಕ್ಷೆಗೆ ಒಳಪಡದೆ ಅವನ ಭಾರ ಹೊರುವ ಭಾಗ್ಯ ಪಡೆಯಲಿಲ್ಲ. ನೆಲದ ಮೇಲೆ ನಡೆಯುವಾಗಲೂ, ಭೂಮಿ ಯಾವ ಗಳಿಗೆಯಲ್ಲಾದರೂ ವಾಲಬಹುದೆಂಬ ಗುಮಾನಿಯಿಂದ, ಕಾಲು ಅಗಲಿಸಿ ಹೆಜ್ಜೆಯಿಡುತ್ತಿದ್ದ. ಎಂಥ ಉರಿಬಿಸಿಲಲ್ಲೂ ಮೈಮೇಲೊಂದು ನೀಲಿ ಉಣ್ಣೆಯ ಕೋಟು. ಅದರ ಗುಂಡಿಗಳೆಲ್ಲ ಉದುರಿ, ಆ ಜಾಗದಲ್ಲಿ ಮೀನುಬಲೆಯ ದಾರದ ಗಂಟುಗಳು ಕುಳಿತಿದ್ದವು. ಏನು ಕೇಳಿದರೂ ಮೊದಲ ಮಾತು "ನೋಡೋಣ". ಹೆಣ್ಣುಮಗು ಹುಟ್ಟಿತೆಂದು ಓಡಿಬಂದ ಸೂಲಗಿತ್ತಿಗೂ ಅದನ್ನೇ ಅಂದನೆಂದು ನಮ್ಮ ದ್ವೀಪದ ಹೆಂಗಸರು ಇಂದಿಗೂ ನಗುತ್ತಾರೆ.

ಪರದೇಶದ ಧಣಿಯೊಬ್ಬನ ಹಾಯಿನೌಕೆಗೆ ಅವನು ನಾಯಕ. ನಮ್ಮ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹವಳದ ದಿಬ್ಬ ಮಲಗಿದೆ. ನಡುವೆ ಒಂದೇ ಒಂದು ಇಕ್ಕಟ್ಟಾದ ಕಂಡಿ. ಸೂರ್ಯ ಬೆನ್ನ ಹಿಂದಿದ್ದರೆ ನೀರು ತನ್ನ ಒಡಲನ್ನೆಲ್ಲ ತೆರೆದು ತೋರಿಸುತ್ತದೆ: ಕಂದು ಕಂಡಲ್ಲಿ ಹವಳ, ತಿಳಿಹಸಿರು ಕಂಡಲ್ಲಿ ಮರಳು, ಗಾಢನೀಲಿ ಕಂಡಲ್ಲಿ ಆಳ. ಆದರೆ ಪಶ್ಚಿಮಕ್ಕೆ ಬಾಯ್ದೆರೆದ ಕೊಲ್ಲಿಯಾದ್ದರಿಂದ ಬೆಳಗಿನ ಹೊತ್ತು ಒಳಬರುವವನ ಕಣ್ಣಿಗೇ ಬಿಸಿಲು ಹೊಡೆದು, ನೀರೆಲ್ಲ ತಗಡಿನಂತೆ ಬರಿಯ ಹೊಳಪಾಗುತ್ತದೆ. ಉಳಿದವರು ನೆನಪಿನ ಬಲದಿಂದಲೇ ನುಗ್ಗುತ್ತಿದ್ದರು. ಆಲ್ಬನ್ ಮಾತ್ರ ಹೊತ್ತು ನೆತ್ತಿ ದಾಟುವ ತನಕ ಹೊರಗೇ ತೇಲುತ್ತಿದ್ದ.

ಆ ಹಟ ಮಗಳ ಮದುವೆಯ ದಿನವೂ ಸಡಿಲವಾಗಲಿಲ್ಲ. ಇನೆಜ್ ತಾಯಿಯ ಊರಾದ ದೊಡ್ಡ ದ್ವೀಪದಲ್ಲಿ ಬೆಳೆದವಳು. ಅವಳನ್ನೂ ಆ ಕಡೆಯ ನೆಂಟರನ್ನೂ ಕರೆತರಲು ಧಣಿ ನೌಕೆ ಕೊಟ್ಟಿದ್ದ. ಮದುವೆ ಮಧ್ಯಾಹ್ನಕ್ಕಿಡಿ ಎಂದು ಆಲ್ಬನ್ ಬೇಡಿಕೊಂಡಿದ್ದ. ಗಂಡಿನ ತಾಯಿ ಯುಲಾಲಿ ಒಪ್ಪಲಿಲ್ಲ, ಬೆಳಗ್ಗೆಯೇ ಆಗಬೇಕೆಂದಳು; ಮತ್ತೊಮ್ಮೆ ಕಾಯುತ್ತ ಕೂರಲು ಅವಳು ತಯಾರಿರಲಿಲ್ಲ. ಅವಳ ಮಗ ಫಿಟ್ಜ್‌ರಾಯ್‌ಗೆ ಹಿಂದೊಮ್ಮೆ ನಿಶ್ಚಯವಾಗಿದ್ದ ಹುಡುಗಿ ಮದುವೆಯ ದಿನ ದೋಣಿ ಹತ್ತಲೇ ಇಲ್ಲ; ಅಂಥ ಇನ್ನೊಂದು ಅವಮಾನವನ್ನು ತಾಳುವ ಶಕ್ತಿ ಆ ಮನೆಗಿರಲಿಲ್ಲ.

ನೌಕೆ ಬೆಳಗ್ಗೆ ಕಂಡಿಯ ಎದುರಿಗೆ ಬಂತು, ಹಾಯಿ ಇಳಿಸಿತು, ನಿಂತೇಬಿಟ್ಟಿತು. ಇತ್ತ ದಡದ ದೋಣಿಕಟ್ಟೆಯ ಮೇಲೆ ಜನವೋ ಜನ. ಆಡಿನ ಸಾರು ಕುದಿದು ಆರಿತು, ಸುಟ್ಟ ದೀವಿಹಲಸು ಬಿರುಸಾಯಿತು. ಹೋಗಿ ಕರೆತರೋಣವೆಂದರೆ ಅದೂ ಆಗದ ಮಾತು: ವಧು ತಂದೆಯ ನಾವೆಯಿಂದಲೇ ಕಟ್ಟೆಗೆ ಕಾಲಿಡಬೇಕು, ಗಂಡಿನ ಕಡೆಯ ದೋಣಿಯಲ್ಲಿ ಬಂದವಳನ್ನು ನಮ್ಮಲ್ಲಿ ಓಡಿಬಂದವಳೆನ್ನುತ್ತಾರೆ. ಸ್ವಂತ ಮಗಳ ಮದುವೆಗೂ ಯಾವ ಅಪ್ಪನಾದರೂ ಬಿಸಿಲು ಕಾಯುತ್ತಾನೆಯೇ, ಹುಡುಗಿಗೇ ಮನಸ್ಸಿಲ್ಲ ಎಂದು ಯುಲಾಲಿ ತೀರ್ಮಾನಿಸಿ, ಮಗನನ್ನು ಮನೆಗೆ ನಡೆ ಎಂದು ಜಗ್ಗಿದಳು. ಬಂದವರು ಒಬ್ಬೊಬ್ಬರಾಗಿ ಬಾದಾಮಿಮರದ ನೆರಳಿಗೆ ಸರಿದರು. ಫಿಟ್ಜ್‌ರಾಯ್ ಕರಿಯ ಸೂಟಿನಲ್ಲಿ ಬೆವರುತ್ತ ಕಟ್ಟೆಯ ತುದಿಯಲ್ಲೇ ನಿಂತಿದ್ದ.

ಆ ಕರಿಯ ಚುಕ್ಕೆ ಆಲ್ಬನ್‌ಗೂ ಕಾಣುತ್ತಿತ್ತು. ಕಣ್ಣು ಮುಚ್ಚಿ ಬೇಕಾದರೂ ಒಳಗೆ ಹೋಗಬಲ್ಲೆಯಲ್ಲ ಎಂದು ನೆಂಟರು ಪೀಡಿಸಿದರು.

"ನಂಗೆ ಗೊತ್ತಿರೋದು ಹೋದ ವರ್ಷ ಈ ನೌಕೆ ತಂದಾಗಿನ ದಾರಿ," ಎಂದ ಆಲ್ಬನ್. "ಮಧ್ಯೆ ಒಂದು ಚಂಡಮಾರುತ ಬಂದುಹೋಗಿದೆ, ಯಾವ ಬಂಡೆ ಎಲ್ಲಿಗೆ ಉರುಳಿದೆಯೋ. ಮೀನುದೋಣಿ ಹಾಗ್ಹಾಗೇ ತೇಲ್ಕೊಂಡು ಹೋಗುತ್ತೆ. ಈ ನೌಕೆಯ ಅಡಿ ನೀರೊಳಗೆ ಬಲು ಆಳಕ್ಕಿದೆ."

ಇನೆಜ್ ಮದುವೆಯ ಉಡುಪನ್ನು ಮಂಡಿಯವರೆಗೆ ಸುತ್ತಿಕೊಂಡು ಹತ್ತಿರ ಬಂದಳು. "ಅಪ್ಪಾ, ಅವನು ಹೊರಟುಹೋಗ್ಬಿಟ್ರೆ?"

ಹಾಗಾದರೆ ಮಗಳು ತನ್ನನ್ನು ಸಾಯುವ ತನಕ ಕ್ಷಮಿಸುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚುಕ್ಕಾಣಿ ಬಿಡದೆ ಕಟ್ಟೆಯ ಕಡೆ ಇನ್ನೊಮ್ಮೆ ನೋಡಿದ.

"ಹೋಗೋನಾದ್ರೆ ಇವತ್ತೇ ಹೋಗ್ಲಿ ಮಗಳೇ," ಎಂದ.

ಸೂರ್ಯ ನೆತ್ತಿ ದಾಟಿದ. ಆಗಲೇ ಒಂದು ಮೋಡ ಬಂದು ಮುಚ್ಚಿತು, ಆಲ್ಬನ್ ಅದಕ್ಕೂ ಕಾದ. ಕೊನೆಗೆ ಇನೆಜ್ ನೌಕೆಯ ಮೂತಿಗೆ ಹೋಗಿ ನಿಂತು, ನೀರಿನ ಬಣ್ಣ ನೋಡುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಚಾಚಿದಳು. ನೌಕೆಯ ಯಂತ್ರ ಗುರ್ರೆಂದಿತು; ಅವಳ ಕೈ ಹೋದತ್ತ ಅವನ ಚುಕ್ಕಾಣಿಯ ಚಕ್ರ ತಿರುಗಿತು. ಒಳಗೆ ಬಂದ ಮೇಲಾದರೂ ಅವಸರವೇ? ಇಲ್ಲ. ತಿಳಿಹಸಿರು ಮರಳನ್ನು ಹುಡುಕಿ, ಗಾಳಿಗೆ ಮುಖಮಾಡಿ, ನೌಕೆಯ ಓಟ ಪೂರ್ತಿ ನಿಂತ ಮೇಲೆ ಲಂಗರು ಇಳಿಸಿದ. ಹಿಂದಕ್ಕೆ ಸರಿಯುತ್ತ ಸರಪಳಿಯನ್ನು ಧಾರಾಳವಾಗಿ ಬಿಟ್ಟ. ಯಂತ್ರವನ್ನು ಹಿಮ್ಮುಖ ಓಡಿಸಿ ಜಗ್ಗಿಸಿ, ಲಂಗರು ಕಚ್ಚಿದೆಯೋ ಜಾರುತ್ತಿದೆಯೋ ಎಂದು ಸರಪಳಿಯ ಮೇಲೆ ಬರಿಗಾಲಿಟ್ಟು ಅದರ ನಡುಕವನ್ನು ಆಲಿಸಿದ. ದಡದ ಚರ್ಚಿನ ಮೂಲೆ ಬಾದಾಮಿಮರದ ನೇರದಿಂದ ಕದಲಲಿಲ್ಲ, ಅಂದರೆ ನೌಕೆ ಜಾರುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸಣ್ಣ ದೋಣಿ ಇಳಿಸಿ, ಮಗಳನ್ನೂ ಒಂದಿಬ್ಬರು ನೆಂಟರನ್ನೂ ಕೂರಿಸಿಕೊಂಡು ಹುಟ್ಟು ಹಾಕಿದ.

ಫಿಟ್ಜ್‌ರಾಯ್ ಕೈ ನೀಡಿದ. ಇನೆಜ್ ಆ ಕೈ ಹಿಡಿದು ಕಟ್ಟೆಗೆ ಹತ್ತಿದಳು. ಅವಳ ಹಿಂದೆಯೇ ಇಳಿದ ನೆಂಟರಿಂದ ಯುಲಾಲಿ ಎಲ್ಲ ವಿಚಾರಿಸಿಕೊಂಡಳು. ಕಂಡಿಯಲ್ಲಿ ಏನೊಂದೂ ಬದಲಾಗಿರಲಿಲ್ಲ, ಬೆಳಗ್ಗೆಯೇ ಬರಬಹುದಿತ್ತು.

"ಏನ್ ಬೀಗರೇ, ಎಲ್ಲಿತ್ತು ನಿಮ್ಮ ಬಂಡೆ?"

"ಇರಲಿಲ್ಲ ತಾಯಿ," ಎಂದ ಆಲ್ಬನ್, ಕೋಟಿನ ಗಂಟು ಬಿಗಿದುಕೊಳ್ಳುತ್ತ. "ಈಗ ಗೊತ್ತಾಯ್ತು."

ಇಂಥವರಿಗೆ ತಾವು ಮಾಡಿದ್ದೇ ಸರಿಯೆಂದು ತೋರಿಸಿಕೊಳ್ಳುವ ಯೋಗ ಜನ್ಮದಲ್ಲಿ ಬರುವುದಿಲ್ಲ. ಒಡೆದ ಹಡಗಿಗೆ ಹಾಡಿದೆ, ಕಥೆಯಿದೆ. ಒಡೆಯದೆ ದಡ ಸೇರಿದ್ದಕ್ಕೆ ಇರುವುದು ಆರಿದ ಸಾರು, ಬೀಗಿತ್ತಿಯ ಮೂದಲಿಕೆ. ಆಗದೇ ಹೋದ ಅನಾಹುತವನ್ನು ಯಾರಿಗೆ ತೋರಿಸುವುದು? ಅವರ ಅಕ್ಕರೆ ಹೊರಗಿನವರಿಗೆ ಹಟವಾಗಿ, ಮನೆಯವರಿಗೆ ಶಿಕ್ಷೆಯಾಗಿಯೇ ಕಾಣುತ್ತದೆ. ಅಂಥವರನ್ನು ಪ್ರೀತಿಸುವವರು, ನೆರಳು ಪಕ್ಕದಲ್ಲೇ ಇದ್ದರೂ, ಬಿಸಿಲಲ್ಲಿ ನಿಂತು ಕಾಯುವುದನ್ನು ಕಲಿಯಬೇಕು.