ಕೀವು ಕುಡಿದ ಪುಡಿ

ಡಾಕ್ಟರ್ ವ್ಯಾಸರಾಜ ತಾಯಿ ಗಂಗಾಬಾಯಿಯ ಕಾಲಿನಿಂದ ಎರಡು ಮೊಳ ದೂರ ನಿಂತು, ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಡಬ್ಬಿ ಅಲ್ಲಾಡಿಸಿದ. ಮುಚ್ಚಳದ ತೂತುಗಳಿಂದ ಬಿಳಿ ಪುಡಿ ಉದುರಿ, ಅರ್ಧ ಅವಳ ಪಾದದ ಮೇಲೆ, ಅರ್ಧ ಚಾಪೆಯ ಮೇಲೆ ಬಿತ್ತು. ಅಕ್ಷತೆ ಹಾಕುವವರೂ ಇದಕ್ಕಿಂತ ಹತ್ತಿರ ಬರುತ್ತಾರೆ ಎಂದುಕೊಂಡಳು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ವಿಜಯಲಕ್ಷ್ಮೀ. ಏಳು ದಿನದಿಂದ ಇದೇ ಪೂಜೆ ನಡೆದಿತ್ತು.

ಗಂಗಾಬಾಯಿ ಹೊಳೆಗೆ ಹೋದಾಗ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತ್ತು. ಮುಳ್ಳು ಹೊರಗೆ ಬಂದಿತ್ತು, ಕೀವು ಒಳಗೆ ನಿಂತಿತ್ತು. ಹಿಮ್ಮಡಿಯಿಂದ ಮೀನಖಂಡದವರೆಗೆ ಬಾವು ಏರಿ, ಚರ್ಮ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮುದುಕಿ ಜ್ವರದ ಮಂಪರಿನಲ್ಲಿ, ಎಂದೋ ಸತ್ತ ಗಂಡನನ್ನು ಊಟಕ್ಕೆ ಕರೆಯುತ್ತಿದ್ದಳು.

ಕಂಪ್ಲಿಯಲ್ಲಿ ಗಾಯಕ್ಕೆ ಹಾಕುವ ಸಲ್ಫಾ ಪುಡಿ ತರಿಸಿದ ಮೊದಲ ಡಾಕ್ಟರು ತಾನೇ ಎಂಬ ಜಂಬ ವ್ಯಾಸರಾಜನಿಗೆ. ಯುದ್ಧದ ಕಾಲ, ಆ ಡಬ್ಬಿಗಾಗಿ ಮದರಾಸಿಗೆ ಎಷ್ಟು ಕಾಗದ ಬರೆದೆನೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಮದರಾಸಿನಲ್ಲಿ ಎಲ್.ಎಂ.ಪಿ. ಡಾಕ್ಟರಿಕೆ ಓದಿ ಬಂದರೂ ಕೀವು ಕಂಡರೆ ಅವನಿಗೆ ಹೇಸಿಗೆ, ಮುಟ್ಟಿದರೆ ಮೈಲಿಗೆ. ಹೇಸಿಗೆಗೆ ಮಡಿಯ ಹೊದಿಕೆ ಹೊದಿಸಿದರೆ ಅದೂ ಆಚಾರವಾಗುತ್ತದೆ ಎಂಬುದನ್ನು ವಿಜಯಲಕ್ಷ್ಮೀ ಹದಿನಾರು ವರ್ಷದ ಸಂಸಾರದಲ್ಲಿ ಕಲಿತಿದ್ದಳು. ಆದರೂ ದವಾಖಾನೆಯಲ್ಲಿ ಹರಿಗೋಲಿನವರ, ಕಬ್ಬಿನ ಗಾಣದವರ ಹುಣ್ಣುಗಳು ಅವನ ಪುಡಿಗೆ ಮಾಯುತ್ತಿದ್ದವು. ಮನೆಯಲ್ಲಿ ಹೆತ್ತ ತಾಯಿಯ ಕಾಲು ಮಾತ್ರ ಕೊಳೆಯುತ್ತಿತ್ತು.

"ಅವ್ವನ ಮೈಯಾಗ ಕಸುವಿಲ್ಲ. ಪುಡಿ ಏನು ಮಾಡ್ತದ?" ಎಂದ ಅವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾನುವಾರ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ಯುವುದು, ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿ ತೆಗೆಸುವುದು ಎಂದು ತೀರ್ಮಾನವಾಯಿತು. ಮೋಟಾರು ಕೇಳಲು, ಭಾನುವಾರ ಅದರಲ್ಲೇ ಬರುವೆನೆಂದು, ಅವನು ಗುರುವಾರವೇ ಹೊಸಪೇಟೆಗೆ, ವಕೀಲ ಸೋದರಮಾವ ಶೀನಪ್ಪನ ಮನೆಗೆ ಹೊರಟ.

ಹೊರಡುವ ಮೊದಲು ವಿಜಯಲಕ್ಷ್ಮೀ ಒಂದು ಚೀಟಿ ತಂದು ಅವನ ಮುಂದೆ ಹಿಡಿದಳು. ಡಬ್ಬಿಯ ಜೊತೆ ಬಂದದ್ದು. ಅವನು ಓದದೆ ಎಸೆದಿದ್ದ, ಅವಳು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದಳು. ಶಾಲೆಯಲ್ಲಿ ಮೂರನೇ ಫಾರಂವರೆಗೆ ಕಲಿತ ಇಂಗ್ಲಿಷು ಹಿಡಿದು ಎರಡು ದಿನ ತಡಕಾಡಿ ಅರ್ಥ ಮಾಡಿಕೊಂಡದ್ದು ಇಷ್ಟು: ಕೀವಿನಲ್ಲೂ ಸತ್ತ ಮಾಂಸದಲ್ಲೂ ಪ್ರೋಟೀನು ಎಂಬುದಿರುತ್ತದೆ. ಅದೂ, ಅದು ಕೊಳೆತು ಹುಟ್ಟುವ ವಸ್ತುವೂ ಔಷಧಿಯನ್ನು ಕಟ್ಟಿಹಾಕುತ್ತವೆ, ರೋಗದ ಕ್ರಿಮಿಗೆ ತಾಗಗೊಡುವುದಿಲ್ಲ. ಮೊದಲು ಕೀವು ತೆಗೆಯಬೇಕು, ಆಮೇಲೆ ಪುಡಿ.

ವ್ಯಾಸರಾಜ ಚೀಟಿಯನ್ನು ನೋಡಲಿಲ್ಲ, ಅದರ ಮೇಲಿನ ಎಣ್ಣೆಯ ಕಲೆಯನ್ನು ನೋಡಿದ.

"ನನಗ ವೈದ್ಯ ಕಲಿಸಾಕ ಬಂದೀಯೇನು? ಉಪ್ಪಿನಕಾಯಿ ಬೂಷ್ಟು ಹಿಡೀದಂಗ ನೋಡ್ಕೋ, ಅಷ್ಟು ಸಾಕು."

ಅವನು ಹೋದ ಮೇಲೆ ಅವಳು ಹಿತ್ತಲಿಗೆ ಬಂದಳು. ದವಾಖಾನೆಯ ಕಸ ಗುಡಿಸಿ ಬಟ್ಟೆ ಒಗೆಯುವ ಕೊಟ್ರಮ್ಮ ತುಳಸಿಕಟ್ಟೆಯ ಆಚೆ, ತನಗೆ ಗೊತ್ತುಮಾಡಿದ ಕಲ್ಲಿನ ಹತ್ತಿರ, ಒಗೆದ ಪಟ್ಟಿಗಳನ್ನು ಹಿಡಿದು ನಿಂತಿದ್ದಳು. ಅಲ್ಲಿಂದ ಈಚೆ ಅವಳು ಬಂದದ್ದಿಲ್ಲ. ಅವಳು ನಿಂತು ಹೋದ ಕಲ್ಲಿಗೂ ಗಂಗಾಬಾಯಿ ನೀರು ಹೊಯ್ಯಿಸುತ್ತಿದ್ದಳು. ಹರಿಗೋಲಿಗೆ ಹುಟ್ಟು ಹಾಕುವ ಓಬಳೇಶನ ಅಂಗೈ ಹೇಗೆ ಮಾಯಿತು ಎಂದು ವಿಜಯಲಕ್ಷ್ಮೀ ಕೇಳಿದಳು.

ಕೊಟ್ರಮ್ಮ ಆ ಕಡೆ ಈ ಕಡೆ ನೋಡಿದಳು. "ಡಾಕ್ಟರಿಗೆ ಹೇಳಬ್ಯಾಡ್ರಿ ಅಮ್ಮಾರ. ಅವರ ಮುಂದ ಹೋಗೂಕಿಂತ ಮೊದಲ ಎಲ್ಲಾರನ್ನೂ ಹಿಂದಿನ ಕಟ್ಟಿ ಮ್ಯಾಲ ಕುಂದ್ರಿಸಿ ಕೀವ ತಗದು ತೊಳದಿರ್ತೀನ್ರಿ. ಹಂಗ ಬಿಟ್ರ ಪುಡಿಯೆಲ್ಲಾ ಕೀವಿನ ಹೊಟ್ಟಿಗೇ ಹೋಗ್ತದ."

ವಿಜಯಲಕ್ಷ್ಮೀಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರೆ. ಇಲ್ಲಿ ಬಡಿಸಿದವನಿಗೆ ಅಡುಗೆ ಆದದ್ದೇ ಗೊತ್ತಿರಲಿಲ್ಲ. ಇಡೀ ಕಂಪ್ಲಿ ಕೈಮುಗಿಯುತ್ತಿದ್ದ ವೈದ್ಯವೆಲ್ಲ ಹಿಂದಿನ ಕಟ್ಟೆಯ ಮೇಲೆ ಮುಗಿದಿರುತ್ತಿತ್ತು. ಮನೆಗೆ ಮಾತ್ರ ಹಿಂದಿನ ಕಟ್ಟೆ ಇರಲಿಲ್ಲ.

ಅವಳು ಅತ್ತೆಯ ತಲೆಯ ಹತ್ತಿರ ಕುಳಿತಳು. ಅತ್ತೆಯ ಮೇಲೂ ಅವಳಿಗೆ ಪ್ರೀತಿಯೇನಿರಲಿಲ್ಲ. ನೀರಿನ ಕೊಡ ಸೆರಗಿಗೆ ತಾಗಿತೆಂದು ಮೂರು ಸಲ ಹೊಳೆಗೆ ಅಟ್ಟಿದ ಹೆಂಗಸು ಅದು. ಆದರೆ ಕಾಲು ಕಾಲೇ, ಒಬ್ಬ ದಡ್ಡನ ಜಂಬಕ್ಕೆ ಅದನ್ನು ಕತ್ತರಿಸಿ ಕೊಡುವುದು ಅವಳಿಗೆ ಆಗದ ಮಾತು. ಜ್ವರ ತುಸು ಇಳಿದ ಹೊತ್ತು ನೋಡಿ ಎಲ್ಲವನ್ನೂ ಹೇಳಿದಳು: ಎಣ್ಣೆ ಮೆತ್ತಿದ ತಲೆಗೆ ಚಿಟಿಕೆ ಸೀಗೆಪುಡಿ ಹಾಕಿದರೆ ಎಣ್ಣೆಯೇ ಅದನ್ನು ತಿಂದುಬಿಡುವ ಹಾಗೆ ಕೀವು ಪುಡಿಯನ್ನು ತಿನ್ನುತ್ತಿದೆ, ತೆಗೆಯಬಲ್ಲವಳು ಹಿತ್ತಲಲ್ಲಿ ನಿಂತಿದ್ದಾಳೆ.

ವಿಜಯಲಕ್ಷ್ಮೀ ಬೈಗುಳಕ್ಕೆ ಸಿದ್ಧಳಾಗಿ ಕುಳಿತಿದ್ದಳು.

"ಮಡಿ ಎಲ್ಲಿಗೆ ಹೋಗ್ತದ," ಎಂದಳು ಮುದುಕಿ. "ಹೊಳ್ಯಾಗ ನೀರದ, ಒಂದು ಮುಳುಗು ಹಾಕಿದ್ರ ಬರ್ತದ. ಕಾಲು ಹೋದ್ರ ಹೊಳಿಗೆ ಹೆಂಗ ಹೋಗ್ಲಿ? ಕರಿ ಆಕಿನ್ನ."

ವಿಜಯಲಕ್ಷ್ಮೀ ಅತ್ತೆಯನ್ನು ಚಾಪೆ ಸಮೇತ ಹಿತ್ತಲ ಪಡಸಾಲೆಗೆ ಎಳೆದಳು. ಕೊಟ್ರಮ್ಮ ಕಲ್ಲು ದಾಟಿ ಬಂದು, ಪಡಸಾಲೆಯ ಕೆಳಗೆ ಅಂಗಳದಲ್ಲೇ ಕುಳಿತು, ಕುದಿಸಿದ ಚಾಕುವಿನ ತುದಿಯಿಂದ ಗಾಯದ ಬಾಯಿ ಅಗಲ ಮಾಡಿದಳು. ಗಂಗಾಬಾಯಿ ಸೆರಗು ಕಚ್ಚಿಕೊಂಡಳು. ಕೀವಿನಿಂದ ಒಂದು ಬಟ್ಟಲು ತುಂಬಿತು, ವಾಸನೆಗೆ ವಿಜಯಲಕ್ಷ್ಮೀ ಮುಖ ತಿರುಗಿಸಿದಳು. ಕೊಟ್ರಮ್ಮ ತಿರುಗಿಸಲಿಲ್ಲ. ಉಪ್ಪುನೀರಿನಿಂದ ಕೆಂಪು ಮಾಂಸ ಕಾಣುವವರೆಗೆ ತೊಳೆದು, ಆಮೇಲೆ ಒಂದು ಚಿಟಿಕೆ ಪುಡಿ ಹಾಕಿದಳು. ದಿನಕ್ಕೆ ಎರಡು ಸಲದಂತೆ ಮೂರು ದಿನ ಹೀಗೆ ನಡೆಯಿತು. ಜ್ವರ ಬಿಟ್ಟಿತು, ಬಾವು ಹಿಮ್ಮಡಿಗೆ ಇಳಿಯಿತು. ಗಂಗಾಬಾಯಿ ಸಾರು ಸಪ್ಪೆಯಾಯಿತೆಂದು ಸೊಸೆಯನ್ನು ಬೈದಳು.

ಭಾನುವಾರ ಬೆಳಿಗ್ಗೆ ಮೋಟಾರು ಬಂತು. ಶೀನಪ್ಪನ ಜೊತೆ ಒಳಗೆ ಬಂದ ವ್ಯಾಸರಾಜ ತಾಯಿ ಗೋಡೆಗೆ ಒರಗಿ ಕುಳಿತದ್ದನ್ನು ನೋಡಿ ಗಕ್ಕನೆ ನಿಂತ. ಕಾಲು ನೋಡಿದ, ದೂರದಿಂದಲೇ. ಆಮೇಲೆ ಅವನ ಮುಖ ಅರಳಿದ್ದನ್ನು ಕಂಡು, ಈಗ ಬರುವ ಮಾತು ಯಾವುದೆಂದು ವಿಜಯಲಕ್ಷ್ಮೀಗೆ ಅಕ್ಷರ ಬಿಡದೆ ಗೊತ್ತಾಯಿತು.

"ನೋಡ್ರಿ ಮಾವ, ಪುಡಿ ಅಂದ್ರ ಹಿಂಗಿರಬೇಕು. ಮುದಿ ಮೈ, ಅದಕ್ಕ ಹತ್ತಾಕ ಸ್ವಲ್ಪ ತಡ ಆತು."

ಶೀನಪ್ಪ ತಲೆದೂಗಿದ. ವ್ಯಾಸರಾಜ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ಗೂಡಿನಲ್ಲಿದ್ದ ಡಬ್ಬಿ ತೆಗೆದುಕೊಂಡು, ಪಂಚೆ ಎತ್ತಿ ಹಿಡಿದು, ಎರಡು ಮೊಳ ದೂರದ ತನ್ನ ಜಾಗದಲ್ಲಿ ನಿಂತ.

ಗಂಗಾಬಾಯಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ತಡಿ ವ್ಯಾಸಾ. ಆಕಿ ಬರ್ಲಿ."

ಯಾರೆಂದು ಅವನು ಕೇಳಿದ. ಮುದುಕಿ ಹಿತ್ತಲ ಕಡೆ ತಿರುಗಿದಳು. "ಕೊಟ್ರಮ್ಮಾ, ಅಲ್ಲ್ಯಾಕ ನಿಂತಿ? ಒಳಗ ಬಾ."

ತುಳಸಿಕಟ್ಟೆಯ ಆಚೆಯ ಕಲ್ಲಿನಿಂದ ಕೊಟ್ರಮ್ಮ ಹೊರಟಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಅಂಗಾಲು ಒರೆಸಿಕೊಂಡಳು. ನಡುಮನೆ ದಾಟಿ ಬಂದು ಚಾಪೆಯ ಮೇಲೆ ಕುಳಿತು, ಗಂಗಾಬಾಯಿಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗಾಯ ಒರೆಸಿ, ತಲೆಯೆತ್ತದೆ, ಡಬ್ಬಿಗಾಗಿ ಕೈ ಚಾಚಿದಳು.

ಕೈ ಎರಡು ಮೊಳ ದೂರಕ್ಕೆ ಎಟುಕಲಿಲ್ಲ. ಅದು ಚಾಚಿದಂತೆಯೇ ಇತ್ತು. ವ್ಯಾಸರಾಜನ ಕೈಯಲ್ಲಿ ಡಬ್ಬಿ ವಾಲಿ, ಪುಡಿ ಅವನ ಕಾಲಬೆರಳುಗಳ ಮೇಲೆ ಸಣ್ಣಗೆ ಉದುರುತ್ತಿತ್ತು.