ಕತ್ತರಿ ಹಾಕದ ಬಳ್ಳಿ

"ಎರಡು ಕಣ್ಣು ಬಿಟ್ಟು ಕತ್ರಿಸು ಅಂದ್ನಲ್ಲಾ? ಮೂರಲ್ಲ, ಎರಡು!" ಅಯ್ಯಾವು ರೇಗಿದ.

ದ್ರಾಕ್ಷಿ ಚಪ್ಪರದಡಿ ಹೆಂಡತಿ ಪಾಂಡಿಯಮ್ಮಾಳ್ ಕತ್ತರಿ ಹಿಡಿದು, ಕೊಂಬೆಯಲ್ಲಿ ಚಿಗುರೊಡೆಯುವ ಆ ಕಣ್ಣುಗಳನ್ನೇ ನೋಡುತ್ತಾ ಕಕ್ಕಾಬಿಕ್ಕಿಯಾಗಿ ನಿಂತಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಈ ಗಂಡ ಬಳ್ಳಿ ಸವರಲು ಯಾರನ್ನೂ ಬಿಟ್ಟವನಲ್ಲ.

"ನಾನ್ಯಾಕೆ ಕಲೀಬೇಕು ಮಾಮಾ? ನಾಳೆ ಮಧುರೆ ಆಸ್ಪತ್ರೆಗೆ ಓಗ್ಬೇಕಲ್ಲಾ?"

"ಓಗಲ್ಲ."

ಗುದನಾಳದ ಕ್ಯಾನ್ಸರು, ಪಕ್ಕದ ದುಗ್ಧಗ್ರಂಥಿಗಳಿಗೂ ಹಬ್ಬಿದೆ ಎಂದು ಮೊನ್ನೆ ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದ್ದರು. ಐದು ವಾರ ರೇಡಿಯೇಶನ್, ಈ ಕಡೆಯವರ ಮಾತಿನಲ್ಲಿ ಕರೆಂಟು, ಜೊತೆಗೆ ಮಾತ್ರೆ. ಆಪರೇಷನ್ ಈಗ ಬೇಡ. ಆ 'ಈಗ ಬೇಡ'ಕ್ಕೇ ಅವನ ತಲೆ ನಿಂತುಹೋಗಿತ್ತು, ಮುಂದಿನದೊಂದೂ ಕಿವಿಗೆ ಬಿದ್ದಿರಲಿಲ್ಲ. ರೋಗ ಹಿಡಿದ ಕೊಂಬೆಯನ್ನು ಮೊದಲು ಕತ್ತರಿಸಬೇಕು, ಮದ್ದು ಆಮೇಲೆ. ನಲವತ್ತು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಅದೇ. ಕತ್ತರಿ ಹಾಕದೆ ಬಿಡುವುದು ಉಳಿಯದ ಬಳ್ಳಿಯನ್ನು ಮಾತ್ರ.

"ನನ್ನ ಕೈಬಿಟ್ಟವ್ರೆ ಪಾಂಡಿ. ಉಳಿಯೋನಾಗಿದ್ರೆ ಕೊಯ್ದು ತೆಗೀತಿರ್ಲಿಲ್ವಾ?"

ಪಾಂಡಿಯಮ್ಮಾಳಿಗೆ ಅಳು ಬಂತು, ಸಿಟ್ಟೂ ಬಂತು. ಅಲ್ಲೇ ನಿಂತು ಮಗಳಿಗೆ ಫೋನು ಮಾಡಿದಳು. ಅಮುದಾ ಚಿನ್ನಮನೂರಿನಿಂದ ಸ್ಕೂಟಿಯಲ್ಲಿ ಬಂದವಳೇ ಹೆಲ್ಮೆಟ್ಟೂ ತೆಗೆಯದೆ ಅಪ್ಪನೆದುರು ನಿಂತಳು.

"ಅಪ್ಪಾ, ಆಪರೇಷನ್ ಉಂಟು! ನಾನೂ ಅಲ್ಲೇ ಇದ್ನಲ್ಲಾ. ಮೊದ್ಲು ಕರೆಂಟಲ್ಲಿ ಗಡ್ಡೆ ಸುರುಂಗಿ ಚಿಕ್ಕದಾಗ್ಬೇಕು, ಆಮೇಲೆ ಕೊಯ್ಯೋದು. ಈಗ್ಲೇ ಕೊಯ್ದ್ರೆ ಬೇರು ಒಳಗೇ ಉಳ್ಕೊಳ್ಳಬೌದಂತೆ."

"ಮದ್ದು ಮೊದ್ಲು, ಕತ್ರಿ ಆಮೇಲಾ?" ಅಯ್ಯಾವು ಕಣ್ಣು ಕಿರಿದು ಮಾಡಿದ. "ಇದ್ಯಾವ ಊರ ಬ್ಯಾಸಾಯ ತಾಯಿ!"

"ಡಾಕ್ಟರ ಬ್ಯಾಸಾಯ."

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. "ಉಳೀತೀನಾ?"

"ಖಂಡಿತ ಅಂತ ಯಾರೂ ಯೋಳ್ಲಿಲ್ಲ ಅಪ್ಪಾ. ಉಳಿಸಕ್ಕೆ ತಾನೇ ಇಷ್ಟು ಪಾಡು?" ಅವಳ ದನಿ ಒಡೆಯಿತು.

ಅವನಿಗೆ ಪೂರ್ತಿ ಅರ್ಥವಾಯಿತೆನ್ನಲು ಆಗದು, ಇಲ್ಲವೆನ್ನಲೂ ಆಗದು. ಸಂಜೆ ಅವನು ಚೀಲ ತೆಗೆದು ಐದು ವಾರಕ್ಕೆ ಎಷ್ಟು ಲುಂಗಿ ಬೇಕೆಂದು ಯೋಚಿಸುತ್ತಿದ್ದಾಗ ಚಪ್ಪರದ ಕಡೆಯಿಂದ ಕತ್ತರಿಯ ಸದ್ದು ಕೇಳಿಸಿತು. ಕಿಟಕಿಯಲ್ಲಿ ಇಣುಕಿ ನೋಡಿದ. ಪಾಂಡಿಯಮ್ಮಾಳ್ ಒಂದೊಂದು ಕೊಂಬೆಯಲ್ಲೂ ಮೂರು ಕಣ್ಣು ಬಿಟ್ಟು ಕತ್ತರಿಸುತ್ತಿದ್ದಳು.

ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಇನ್ನೊಂದು ಲುಂಗಿ ಮಡಚಿ ಚೀಲಕ್ಕಿಟ್ಟ.