ಸವೆಯದ ಹಿಮ್ಮಡಿ

ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಮಗಳು ಅಪ್ಪನ ಬಲಮುಷ್ಟಿಯನ್ನು ಬಿಡಿಸುತ್ತಿದ್ದಳು. ಲಕ್ವ ಹೊಡೆದ ಮೇಲೆ ನಾಲ್ಕು ತಿಂಗಳು ಅವಳ ಯಾವ ವಿದ್ಯೆಗೂ ಬಗ್ಗದ ಬೆರಳುಗಳು ಈಗ ಒಂದೊಂದಾಗಿ, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಬಿಚ್ಚಿಕೊಂಡವು. ಪ್ರಾಣ ಹೋಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

“ಬಿಡೇ ಸಾಕು,” ಅಂದಳು ಅಮ್ಮ. “ಈಗ್ಲೂ ವ್ಯಾಯಾಮ ಮಾಡಿಸ್ತೀಯಾ ಅವ್ರಿಗೆ?”

ಒಂಬತ್ತಕ್ಕೆ ಮಾವ ವ್ಯಾನಿನಲ್ಲಿ ಅರವತ್ತು ಕುರ್ಚಿ ತರಿಸಿದ. “ನಲವತ್ತು ವರ್ಷ ಜನರ ಕೈಕಾಲು ನೆಟ್ಟಗೆ ಮಾಡಿದ ಭಾವ. ಊರಿಗೆ ಊರೇ ಬರುತ್ತೆ, ನೋಡ್ತಿರಿ.”

ಹತ್ತೂವರೆಗೆ ಬಂದಿದ್ದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ಕುರ್ಚಿ ಇಳಿಸಿದವರು. ಖಾಲಿ ಸಾಲು ನೋಡಿ, ಎದ್ದು ಹೋಗಲು ಸಂಕೋಚವಾಗಿ ಕೂತಿದ್ದರು.

“ಯಾರು ಬರ್ತಾರೋ?” ಅಮ್ಮ ಮಾವನಿಗೆ ಅಂದಳು. “ಯಾವ ರೋಗಿಯಾದ್ರೂ ಎಂಟು ಸಲ ಬಂದ್ರೆ ಹೆಚ್ಚು. ‘ಇನ್ನು ನನ್ನ ಹತ್ರ ನಿಮಗೇನು ಕೆಲಸ, ನಡೀರಿ’ ಅಂತ ಕಳಿಸಿಬಿಡೋರು. ಇವಳು ಕೆಲಸ ಮಾಡೋ ಆಸ್ಪತ್ರೆ ನೋಡು. ಶಾಖ ಕೊಡ್ತಾರೆ, ಕರೆಂಟು ಕೊಡ್ತಾರೆ, ಜನ ವರ್ಷಗಟ್ಟಲೆ ಬರ್ತಾನೇ ಇರ್ತಾರೆ. ಇವರೋ, ಮುಟ್ತಾನೇ ಇರ್ಲಿಲ್ಲ. ಬೆನ್ನ ಹಿಂದೆ ಕೈ ಕಟ್ಕೊಂಡು ನಿಲ್ಲೋದು. ಕೈ ಕಟ್ಟಿದ ಡಾಕ್ಟ್ರು ಅಂತ್ಲೇ ಹೆಸರು.”

ಹೇಳುತ್ತಲೇ ಅವಳು ಬೆಂಚಿನಡಿಯಿಂದ ಅಪ್ಪನ ಚಪ್ಪಲಿಗಳನ್ನು ಎಳೆದು ಚೀಲಕ್ಕೆ ತುಂಬುತ್ತಿದ್ದಳು. ಮೂರು ಜೊತೆ. ಮೂರರಲ್ಲೂ ಬೆರಳ ಕಡೆ ಸವೆದು ತೂತು, ಹಿಮ್ಮಡಿ ಕಡೆ ಅಂಗಡಿಯಿಂದ ತಂದ ಹಾಗೇ. “ನಿಂತಲ್ಲೇ ನಿಲ್ಲೋ ಮನುಷ್ಯ ಚಪ್ಪಲೀನ ಹೀಗೆ ಹೇಗೆ ತಿಂತಿದ್ರೋ!”

ಮಾವ ನಕ್ಕ. ನಕ್ಕಿದ್ದಕ್ಕೆ ಕೆಮ್ಮಿದ. ಮಗಳು ನಗಲಿಲ್ಲ. ಅವಳೂ ಫಿಸಿಯೋಥೆರಪಿಯವಳೇ. ಅಪ್ಪ ಒಳ್ಳೆಯ ಕೆಲಸಗಾರನೋ ಅಲ್ಲವೋ ಎಂಬ ಪ್ರಶ್ನೆಯನ್ನು ಹದಿನೈದು ವರ್ಷ ಬಾಯಿಬಿಡದೆ ಹೊತ್ತಿದ್ದಳು. ಈ ನಾಲ್ಕು ತಿಂಗಳಲ್ಲಿ ಅದು ತಿರುಗಿ ಅವಳನ್ನೇ ನೋಡತೊಡಗಿತ್ತು.

*

ಕಾಲೇಜಿನ ರಜೆಯಲ್ಲಿ ಒಂದು ಮಧ್ಯಾಹ್ನ ಅಪ್ಪನ ಕೋಣೆಗೆ ಊಟದ ಡಬ್ಬಿ ಕೊಂಡೊಯ್ದಿದ್ದಳು. ಒಬ್ಬ ದಪ್ಪ ಹೆಂಗಸು ನೆಲದ ಮೇಲೆ ಅಂಗಾತ ಬಿದ್ದು ಅಳುತ್ತಿದ್ದಳು. ಕಿಟಕಿಗಾಜು ಕತ್ತರಿಸುವ ಅಂಗಡಿಯವಳು. ಮುರಿದ ಸೊಂಟದ ಮೂಳೆ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ನಿಮಗೇನಾಗ್ಬೇಕು ಎಂದು ಅಪ್ಪ ಮೊದಲ ದಿನ ಕೇಳಿದ್ದಕ್ಕೆ, ನೋವು ಹೋಗ್ಬೇಕು ಅಂದಿರಲಿಲ್ಲವಂತೆ. ದೊಡ್ಡ ಗಾಜನ್ನು ನೆಲಕ್ಕೆ ಹಾಸಿಯೇ ಕೊಯ್ಯೋದು, ನಾನು ನೆಲಕ್ಕೆ ಕೂತು ಏಳ್ಬೇಕು ಅಂದಿದ್ದಳು. ಹಾಗಾಗಿ ನೆಲ.

“ಆಗಲ್ಲ ಕಣಯ್ಯಾ!” ಅವಳು ಕಿರುಚಿದಳು. “ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ?”

“ಪಕ್ಕಕ್ಕೆ ಹೊರಳಿ,” ಅಂದ ಅಪ್ಪ, ಕೈ ಬೆನ್ನ ಹಿಂದೆ. “ಈಗ ಮೊಣಕೈ. ಅವಸರ ಬೇಡ, ಇಲ್ಲೇ ಇದ್ದೀನಿ.”

ಮಗಳಿಗೆ ಮೈಯೆಲ್ಲ ಉರಿದುಹೋಗಿತ್ತು. ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಹೊರಟುಬಂದಿದ್ದಳು. ಮುಂದೇನಾಯಿತೆಂದು ನೋಡಲಿಲ್ಲ.

*

ಹನ್ನೊಂದಕ್ಕೆ ಆ ಹೆಂಗಸೇ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆರಳ ತುದಿಗಳಲ್ಲಿ ಗಾಜಿನ ಹಳೆಯ ಗೀರುಗಳು. ಅರವತ್ತು ಕುರ್ಚಿಗಳ ನಡುವೆ ಹಾದು ಒಳಬಂದು, ಚಾಪೆಯ ಮೇಲೆ ಮಲಗಿಸಿದ್ದ ಅಪ್ಪನ ಪಕ್ಕ ನೆಲಕ್ಕೇ ಕೂತಳು.

“ನಿಮ್ಮಪ್ಪನ್ನ ಎಷ್ಟು ಬೈದಿದ್ದೀನಿ ಗೊತ್ತಾ ಮಗಳೇ? ಜನ್ಮ ಜಾಲಾಡಿಬಿಟ್ಟಿದ್ದೀನಿ.”

“ನೋಡಿದ್ದೀನಿ. ಅಪ್ಪ ನಿಮ್ಮನ್ನ ಮುಟ್ಲೇ ಇಲ್ಲ.”

“ಯಾಕೆ ಮುಟ್ತಾರೆ? ನಾನು ಬಿದ್ರೆ ತಾನೆ! ನೀನು ಅವರ ಕೈ ನೋಡಿದೀಯ. ನಾನು ನೆಲದಲ್ಲಿದ್ದೆ, ನನಗೆ ಕಾಣ್ತಿದ್ದಿದ್ದು ಪಾದ. ಹಿಮ್ಮಡಿ ನೆಲಕ್ಕೆ ತಾಗ್ತಿರ್ಲಿಲ್ಲ. ಮಂಡಿ ಬಗ್ಗಿಸಿ ತುದಿಗಾಲಲ್ಲೇ ನಿಂತಿರೋರು, ಬರೋ ಚೆಂಡನ್ನ ಹಿಡಿಯೋಕೆ ನಿಲ್ತಾರಲ್ಲ, ಹಾಗೆ. ಒಂದ್ಸಲ ನಿಜವಾಗ್ಲೂ ಜಾರಿದೆ. ನನ್ನ ತಲೆ ನೆಲ ಮುಟ್ಟೋ ಮೊದ್ಲೇ ಅವರ ಕೈ ಅಲ್ಲಿತ್ತು. ಆಮೇಲೆ ಮತ್ತೆ ಬೆನ್ನ ಹಿಂದೆ.”

ಅಮ್ಮ ಚಪ್ಪಲಿಯ ಚೀಲದ ಕಡೆ ನೋಡಿದಳು.

*

ಹೋದ ತಿಂಗಳು, ಮಂಚದ ಪಕ್ಕ. ದಿನದ ಹಾಗೆ ಅವತ್ತೂ ಮಗಳು ಅಪ್ಪನನ್ನು ಎರಡೂ ತೋಳಿನಿಂದ ತಬ್ಬಿ ನಿಲ್ಲಿಸಿದ್ದಳು.

“ಬಿ...ಡು,” ಅಂದ ಅಪ್ಪ. ನಾಲಿಗೆ ತೊದಲುತ್ತಿತ್ತು.

“ಬಿದ್ರೆ?”

“ಏಳ್ತೀನಿ.”

ಅವಳು ಬಿಡಲಿಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಜನರನ್ನು ಹೀಗೇ ಹಿಡಿಯುವವಳು. ಎಷ್ಟು ಜೋಪಾನ ಈ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು. ಅಪ್ಪ ಹೊಗಳಲಿಲ್ಲ. ಮೈಯ ಭಾರವನ್ನೆಲ್ಲ ಅವಳ ತೋಳಿಗೆ ಬಿಟ್ಟುಕೊಟ್ಟ. ಮಾರನೆಯ ದಿನದಿಂದ ಕೇಳುವುದನ್ನೂ ಬಿಟ್ಟ. ಒಂದು ಸಲವೂ ತಾನಾಗಿ ನಿಲ್ಲದೆ ಇವತ್ತು ಬೆಳಗಿನ ಜಾವ ಹಾಸಿಗೆಯಲ್ಲೇ ಹೋದ.

*

ಸ್ಮಶಾನಕ್ಕೆ ಒಯ್ಯುವ ವಾಹನ ಬಂತು. ಎಲ್ಲರೂ ಎದ್ದರು.

ಗಾಜಿನಂಗಡಿಯವಳು ಪಕ್ಕಕ್ಕೆ ಹೊರಳಿ ಮೊಣಕೈ ಊರಿದಳು. ಆಮೇಲೆ ಅಂಗೈ. ಅಂಬೆಗಾಲಿಗೆ ಬಂದು, ತಲೆ ತಗ್ಗಿಸಿ, ಬಾಯಲ್ಲಿ ಉಸಿರು ಬಿಡುತ್ತ ಸುಧಾರಿಸಿಕೊಂಡಳು. ಒಂದು ಪಾದ ಮುಂದೆ ಬಂತು. ಮಂಡಿ ಗಡಗಡ ನಡುಗಿತು.

“ಹಿಡ್ಕೊಳ್ಳೇ!” ಮಾವ ಕೂಗಿದ. “ಅದೇ ಕಸುಬಿನವಳು, ನೋಡ್ತಾ ನಿಂತಿದೀಯಲ್ಲ!”

ಮಗಳ ಕೈಗಳು ಮುಂದೆ ಹೋದವು. ಅರ್ಧದಲ್ಲೇ ಅವನ್ನು ಎಳೆದುಕೊಂಡು ಬೆನ್ನ ಹಿಂದೆ ಒಂದರಲ್ಲೊಂದು ಬಿಗಿಯಾಗಿ ಹಿಡಿದಳು. ಒಂದು ಹೆಜ್ಜೆ ಹತ್ತಿರ ಸರಿದಳು. ಅಮ್ಮ ಅವಳ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದಳು. ಬರಿಗಾಲಿನ ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು.

ಮಾವ ಒಂದು ಕುರ್ಚಿ ಎತ್ತಿಕೊಂಡು ಓಡಿಬಂದ. “ಇದನ್ನಾದ್ರೂ ಹಿಡ್ಕೊಳ್ಳಿ ಅಕ್ಕಾ.”

“ಬೇಡ,” ಅಂದಳು ಗಾಜಿನಂಗಡಿಯವಳು.